ಲೋಣಾವಳದ ಮೀನುಮರಿ, ಕಾವೇರಿಯ ಲೆಕ್ಕ

ಮಳೆಗಾಲ ಆರಂಭವಾಯಿತೆಂದರೆ ಮುಂಬಯಿ ಮಹಾನಗರದ ತುಳು-ಕನ್ನಡ ಸಂಘ ಸಂಸ್ಥೆಗಳ ವಿಹಾರಕೂಟಗಳು ಲೋಣಾವಳ, ಖಂಡಾಲದತ್ತ ಹೊರಡುವುದು ಹಿಂದಿನಿಂದಲೂ ನಡೆದುಬಂದ ವಾಡಿಕೆ. ವಲವಣ ಅಣೆಕಟ್ಟಿನ ಉದ್ಯಾನದಲ್ಲಿ ಬುತ್ತಿ ಬಿಚ್ಚಿ, ಮಕ್ಕಳೊಂದಿಗೆ ಫೋಟೋ ತೆಗೆಸಿಕೊಂಡು, ಚಿಕ್ಕಿ ಪೊಟ್ಟಣ ಹಿಡಿದು ಸಂಜೆಯ ಗಾಡಿಗೆ ಮರಳುವವರಲ್ಲಿ ಹೆಚ್ಚಿನವರಿಗೆ ಅಲ್ಲೇ ಪಕ್ಕದಲ್ಲಿ ಒಂದು ಮೀನು ಮರಿ ಉತ್ಪಾದನಾ ಕೇಂದ್ರವಿದೆ ಎಂಬುದು ತಿಳಿದಿರಲಾರದು. ಅಲ್ಲಿ ಹುಟ್ಟಿದ ಮೀನುಮರಿಗಳು ಒಂದು ಕಾಲದಲ್ಲಿ ಕರ್ನಾಟಕದ ಕಾವೇರಿ ನದಿಯನ್ನೂ ಸೇರಿದ್ದವು. ನದಿಯನ್ನು ಮತ್ತೆ ಮೀನುಗಳಿಂದ ತುಂಬಿಸಬೇಕೆಂಬ ಸದುದ್ದೇಶದಿಂದ ಮಾಡಿದ ಆ ಕೆಲಸ ಮುಂದೆ ಏನಾಯಿತು ಎಂಬುದು ಮೀನು ಹಿಡಿಯುವವರು, ಮೀನು ತಿನ್ನುವವರು ಮತ್ತು ಊರಿನ ಹೊಳೆಗೆ ಏನಾದರೂ ಒಳ್ಳೆಯದು ಮಾಡಬೇಕೆನ್ನುವವರು ಎಲ್ಲರೂ ತಿಳಿಯಬೇಕಾದ ವಿಷಯ.

ದೀಪ ಉರಿಸಲು ಕಟ್ಟಿದ ಕೆರೆಗಳು

ಲೋಣಾವಳ, ವಲವಣ, ಶಿರವಟಾ, ಠೋಕರವಾಡಿ, ಮುಳಶಿ ಈ ಜಲಾಶಯಗಳನ್ನು ಟಾಟಾ ಸಂಸ್ಥೆಯು ಮುಂಬಯಿಗೆ ವಿದ್ಯುತ್ ಪೂರೈಸಲೆಂದು ಕಟ್ಟಿಸಿತು. ಖೋಪೋಲಿಯ ವಿದ್ಯುದಾಗಾರ 1915ರಲ್ಲಿ ಆರಂಭವಾಯಿತು. ಅನಂತರ 1922ರಲ್ಲಿ ಭಿವಪುರಿ, 1927ರಲ್ಲಿ ಭಿರಾ ಸೇರಿಕೊಂಡವು. ಘಟ್ಟದ ಮೇಲೆ ನಿಂತ ಮಳೆನೀರು ಕೊಳವೆಗಳಲ್ಲಿ ಕೊಂಕಣದ ಕಡೆಗೆ ಧುಮುಕಿ ಮೊದಮೊದಲು ಓಡಿಸಿದ್ದು ಪರೇಲ್, ಲಾಲ್‌ಬಾಗ್‌ನ ಗಿರಣಿಗಳನ್ನು. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿದ ನಮ್ಮ ಹಿರಿಯರ ತಲೆಯ ಮೇಲೆ ಉರಿದ ದೀಪಕ್ಕೂ ಈ ಕೆರೆಗಳ ನೀರಿನ ಋಣವಿತ್ತು ಎಂದರೆ ತಪ್ಪಾಗದು.

ಆದರೆ ಅಣೆಕಟ್ಟಿಗೆ ಮೊದಲು ಇವೆಲ್ಲ ಇಂದ್ರಾಯಣಿ, ಮುಳಾ ಮುಂತಾದ ನದಿಗಳ ತಲೆನೀರು. ಈ ನದಿಗಳು ಭೀಮೆಯನ್ನು ಸೇರಿ, ಭೀಮೆ ಕೃಷ್ಣೆಯನ್ನು ಸೇರಿ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತವೆ. ಅಲ್ಲಿನ ಸ್ಪಟಿಕದಂಥ ನೀರಿನಲ್ಲಿದ್ದ ದೊಡ್ಡ ಮೀನೇ ಮಹಶೀರ್. ಈ ಮೀನು ಮಳೆಗಾಲದಲ್ಲಿ ಹರಿವಿಗೆ ಎದುರಾಗಿ ಈಜಿ, ಕಲ್ಲು ಜಲ್ಲಿಯ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ಗೋಡೆ ಎದ್ದ ಮೇಲೆ ಕೆಳಗಿನ ಮೀನಿಗೆ ಮೇಲೆ ಬರುವ ದಾರಿ ಇಲ್ಲ. ಮೇಲಿನ ಮೀನಿಗೆ ಕೆರೆಯೇ ಗತಿ. ಜೊತೆಗೆ ವಿಷ ಹಾಕುವುದು, ತೋಟೆ ಸಿಡಿಸುವುದು, ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನೂ ಬಾಚುವುದು ಇವೆಲ್ಲ ಸೇರಿ ಮಹಶೀರ್ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂತು.

ಮಂಗಳೂರಿನಲ್ಲಿ ಅಚ್ಚಾದ ಪುಸ್ತಕ

ಮಹಶೀರ್ ಎಂದರೆ ಗಾಳ ಹಾಕುವ ಹವ್ಯಾಸಿಗಳಿಗೆ ಪಂಚಪ್ರಾಣ. ಅಂಜಲ್, ಬಂಗುಡೆ, ಭೂತಾಯಿಗಳಂತೆ ಸಂತೆಯಲ್ಲಿ ರಾಶಿ ಹಾಕಿ ಮಾರುವ ಮೀನು ಇದಲ್ಲ. ಒಂದು ಮೀನು ಗಾಳ ಕಚ್ಚಿತೆಂದರೆ ಅರ್ಧ ತಾಸು, ಒಂದು ತಾಸು ಮನುಷ್ಯನನ್ನು ದಡದುದ್ದಕ್ಕೂ ಓಡಿಸಬಲ್ಲ ಬಲ ಅದಕ್ಕಿದೆ. ಬ್ರಿಟಿಷರ ಕಾಲದಲ್ಲಿ ಹುಲಿ ಬೇಟೆಯ ನಂತರದ ಮೋಜು ಇದೇ ಆಗಿತ್ತು.

ಈ ಹವ್ಯಾಸದ ಪ್ರಸಿದ್ಧ ಗ್ರಂಥ ಹೊರಬಂದದ್ದು ಕರಾವಳಿಯಿಂದಲೇ ಎಂಬುದು ಉಲ್ಲೇಖನೀಯ. ಮದರಾಸು ಸರಕಾರದ ಅಧಿಕಾರಿಯಾಗಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು, 1870ರಲ್ಲಿ, ಅವರು ದಕ್ಷಿಣ ಕನ್ನಡದ ಮೀನು ಕೃಷಿಯ ಬಗ್ಗೆ ಒಂದು ವರದಿಯನ್ನೂ ಸಿದ್ಧಪಡಿಸಿದ್ದರು. ಹೊಳೆಗಳಲ್ಲಿ ಮರಿಮೀನುಗಳ ನಾಶ ನಿಂತರೆ ಸಾಕು, ಮೀನು ತಾನಾಗಿಯೇ ಹೆಚ್ಚುತ್ತದೆ ಎಂಬ ಕಾಳಜಿ ಅವರ ಬರವಣಿಗೆಯಲ್ಲಿತ್ತು. ನೀರಿಗೆ ವಿಷ ಹಾಕಿ, ತೋಟೆ ಸಿಡಿಸಿ ಮೀನು ಹಿಡಿಯುವುದನ್ನು ನಿಷೇಧಿಸುವ ಭಾರತೀಯ ಮೀನುಗಾರಿಕಾ ಕಾಯಿದೆ ಬಂದದ್ದು 1897ರಲ್ಲಿ.

ಊರಿನವರಿಗೆ ಈ ಮಾತು ಹೊಸತೇನೂ ಆಗಿರಲಿಲ್ಲ. ತುಂಗೆಯ ದಡದ ಶೃಂಗೇರಿ, ಕಾವೇರಿಯ ದಡದ ರಾಮನಾಥಪುರ, ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ದೇವಸ್ಥಾನದ ಮುಂದಿನ ಹೊಳೆಯ ಮೀನುಗಳು 'ದೇವರ ಮೀನು'. ಅವುಗಳಿಗೆ ಭಕ್ತರು ಅಕ್ಕಿ, ಹೊದಳು ಹಾಕುತ್ತಾರೆಯೇ ಹೊರತು ಗಾಳ ಹಾಕುವುದಿಲ್ಲ. ಸರಕಾರದ ಒಂದು ಪೈಸೆ ಖರ್ಚಿಲ್ಲದೆ ನಡೆದುಬಂದ ಮತ್ಸ್ಯಧಾಮಗಳಿವು. 1996ರಲ್ಲಿ ಶಿಶಿಲದ ಹೊಳೆಗೆ ಕಿಡಿಗೇಡಿಗಳು ವಿಷ ಹಾಕಿದಾಗ ಸತ್ತು ತೇಲಿದ ಮೀನುಗಳನ್ನು ಕಂಡು ಊರೇ ಮರುಗಿತ್ತು.

ಕಾವೇರಿಯ ಗೂನು ಬೆನ್ನಿನ ರಾಜ

ಮಹಶೀರ್ ಎಂಬುದು ಒಂದೇ ಮೀನಿನ ಹೆಸರಲ್ಲ. ಒಂದು ಮನೆತನದ ಹೆಸರಿದ್ದಂತೆ, ಅದರಲ್ಲಿ ಹಲವು ಕವಲುಗಳಿವೆ. ಲೋಣಾವಳದ್ದು ನೀಲಿ ಛಾಯೆಯ ರೆಕ್ಕೆಗಳ ಮಹಶೀರ್. ಕರ್ನಲ್ ಸೈಕ್ಸ್ ಎಂಬವರು 1839ರಲ್ಲಿ ಪುಣೆಯ ಸಮೀಪದ ನದಿಯ ಮೀನನ್ನು ನೋಡಿ ಇದನ್ನು ಶಾಸ್ತ್ರೀಯವಾಗಿ ವಿವರಿಸಿ 'ಖುದ್ರೀ' ಎಂಬ ಹೆಸರು ಕೊಟ್ಟರು. ಕಾವೇರಿಯದ್ದು ಬೇರೆ. ತಲೆಯ ಹಿಂದೆ ಗೂನಿನಂತೆ ಎದ್ದ ಬೆನ್ನು, ಹೊನ್ನಿನ ಬಣ್ಣದ ಮೈ, ಕಿತ್ತಳೆ ಛಾಯೆಯ ರೆಕ್ಕೆಗಳು. ಮಹಶೀರ್‌ಗಳಲ್ಲೇ ಅತಿ ದೊಡ್ಡದಾಗಿ ಬೆಳೆಯುವ ಇದು ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಪ್ರಪಂಚದ ಬೇರೆಲ್ಲೂ ಹುಟ್ಟಿದ್ದಲ್ಲ.

ಮೈಸೂರಿನಲ್ಲಿ ಹುಲಿ, ಚಿರತೆಗಳ ಚರ್ಮ ಹದಮಾಡಿ ತುಂಬಿಡುವ ಕೆಲಸಕ್ಕೆ ಹೆಸರಾದ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಅವರು 1946ರಲ್ಲಿ ಕಪಿಲೆಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಗಾಳಕ್ಕೆ ಸಿಕ್ಕ ಮಹಶೀರ್‌ಗಳಲ್ಲಿ ಇದೇ ದಾಖಲೆ ಎಂದು ಇಂದಿಗೂ ಹೇಳಲಾಗುತ್ತದೆ. ಒಬ್ಬ ವಯಸ್ಕ ಮನುಷ್ಯನ ತೂಕದ ಸಿಹಿನೀರಿನ ಮೀನು!

ಸ್ವಾತಂತ್ರ್ಯಾನಂತರ ತೋಟೆಯ ಹಾವಳಿಯಿಂದ ಕಾವೇರಿಯ ಮಹಶೀರ್ ಕಥೆ ಮುಗಿಯಿತೆಂದೇ ಹವ್ಯಾಸಿಗಳು ಭಾವಿಸಿದ್ದರು. 1977-78ರ ಸುಮಾರಿಗೆ ಇಂಗ್ಲೆಂಡಿನ ಮೂವರು ಯುವಕರು ಇಲ್ಲಿಗೆ ಬಂದು ದೊಡ್ಡ ದೊಡ್ಡ ಮೀನುಗಳನ್ನು ಹಿಡಿದು ತೋರಿಸಿದಾಗ ಮತ್ತೆ ಜಗತ್ತಿನ ಕಣ್ಣು ಇತ್ತ ಹೊರಳಿತು. ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳದ ಶಿಬಿರಗಳು ತೆರೆದವು. ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು, ಜೀವಂತವಾಗಿ ಮತ್ತೆ ನೀರಿಗೆ ಬಿಡಬೇಕೆಂಬುದು ಅಲ್ಲಿನ ಕಟ್ಟುನಿಟ್ಟಿನ ನಿಯಮ.

ಹತ್ತಿಯಲ್ಲಿ ಸುತ್ತಿ ವಿಮಾನವೇರಿದ ಮೊಟ್ಟೆಗಳು

ಈ ನಡುವೆ ಲೋಣಾವಳದಲ್ಲಿ ಒಂದು ಮಹತ್ವದ ಕೆಲಸ ನಡೆದಿತ್ತು. ಮಹಾರಾಷ್ಟ್ರದ ಮೀನುಗಾರಿಕಾ ನಿರ್ದೇಶಕರಾಗಿದ್ದ ಡಾ. ಸಿ. ವಿ. ಕುಲಕರ್ಣಿಯವರು 1970ರ ಸುಮಾರಿಗೆ ಟಾಟಾ ಜಲಾಶಯದ ಮಹಶೀರ್‌ಗಳ ಸಂತಾನೋತ್ಪತ್ತಿಯನ್ನು ಅಧ್ಯಯನ ಮಾಡಿ, ಕೃತಕವಾಗಿ ಮರಿ ಮಾಡಿಸುವ ವಿಧಾನವನ್ನು ರೂಪಿಸಿದರು. ಟಾಟಾ ಸಂಸ್ಥೆಯ ಮೀನು ವಿಭಾಗದಲ್ಲಿದ್ದ ಎಸ್. ಎನ್. ಓಗಲೆಯವರು ಅದನ್ನು ಹಲವು ವರ್ಷ ಮುಂದುವರಿಸಿ ಬೆಳೆಸಿದರು.

ವಿಧಾನ ಕೇಳಲು ಸರಳ, ಮಾಡಲು ಬಹಳ ತಾಳ್ಮೆ ಬೇಕು. ಮಳೆಗಾಲದಲ್ಲಿ ಮೊಟ್ಟೆ ತುಂಬಿದ ತಾಯಿ ಮೀನನ್ನು ಬಲೆಯಲ್ಲಿ ಹಿಡಿದು, ಅದರ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಮೊಟ್ಟೆಗಳನ್ನು ಒಣಗಿದ ಪಾತ್ರೆಗೆ ಇಳಿಸುತ್ತಾರೆ. ಅದರ ಮೇಲೆ ಗಂಡು ಮೀನಿನ ವೀರ್ಯವನ್ನು ಹಿಂಡಿ, ಹಕ್ಕಿಯ ಗರಿಯಿಂದ ನವಿರಾಗಿ ಕಲಸುತ್ತಾರೆ. ಅನಂತರ ತೊಳೆದು, ಸದಾ ತಿಳಿನೀರು ಹರಿಯುವ ತಟ್ಟೆಗಳಲ್ಲಿ ಹರಡುತ್ತಾರೆ. ಮೂರು ದಿನಗಳ ಆಸುಪಾಸಿನಲ್ಲಿ ಮರಿ ಹೊರಬರುತ್ತದೆ. ಹುಟ್ಟಿದ ಮರಿಗಳು ಬೆಳಕಿಗೆ ಅಂಜಿ ಮೂಲೆಯಲ್ಲಿ ಒಂದರ ಮೇಲೊಂದು ತಲೆ ಮರೆಸಿಕೊಂಡು ಮಲಗಿರುತ್ತವೆ. ಹೊಟ್ಟೆಯ ಕೆಳಗಿನ ಬುತ್ತಿಚೀಲ ಕರಗುವವರೆಗೂ ಅವುಗಳಿಗೆ ಆಹಾರದ ಗೊಡವೆಯಿಲ್ಲ.

ಗಂಗೆಯ ರೋಹು ಮೀನು ಲಕ್ಷಗಟ್ಟಲೆ ಮೊಟ್ಟೆ ಇಟ್ಟರೆ ಮಹಶೀರ್‌ನದ್ದು ಸಾವಿರಗಳ ಲೆಕ್ಕ. ಆದುದರಿಂದ ಒಂದೊಂದು ಮೊಟ್ಟೆಯೂ ಅಮೂಲ್ಯ. ಆದರೆ ಈ ಮೊಟ್ಟೆಗೆ ಒಂದು ಗುಣವಿದೆ. ಒದ್ದೆ ಹತ್ತಿಯಲ್ಲಿ ಪದರ ಪದರವಾಗಿ ಇಟ್ಟು ಕಟ್ಟಿದರೆ ನೀರಿಲ್ಲದೆಯೂ ಕೆಲಕಾಲ ಬದುಕಿರುತ್ತದೆ. ನೀರು ತುಂಬಿದ ಡ್ರಮ್ಮುಗಳ ರಗಳೆಯಿಲ್ಲದೆ ಡಬ್ಬಿಯಲ್ಲಿ ಹಾಕಿ ವಿಮಾನದಲ್ಲಿ ದೂರದ ರಾಜ್ಯಗಳಿಗೆ ಕಳುಹಿಸಬಹುದೆಂದು ಕುಲಕರ್ಣಿ ಮತ್ತು ಓಗಲೆ ತೋರಿಸಿಕೊಟ್ಟರು. ಹೀಗೆ ಲೋಣಾವಳದ ಮೊಟ್ಟೆ ಮತ್ತು ಮರಿಗಳು ವರ್ಷಾನುಗಟ್ಟಲೆ ದೇಶದ ಅನೇಕ ರಾಜ್ಯಗಳ ಕೆರೆ, ಜಲಾಶಯ, ನದಿಗಳಿಗೆ ಹೋದವು. ಅಳಿವಿನ ಅಂಚಿನಲ್ಲಿದ್ದ ಒಂದು ಮೀನನ್ನು ಉಳಿಸಲು ಒಂದು ವಿದ್ಯುತ್ ಕಂಪೆನಿ ಅರ್ಧ ಶತಮಾನಕ್ಕೂ ಮಿಕ್ಕಿ ಶ್ರಮಿಸಿದ್ದು ಮೆಚ್ಚತಕ್ಕ ವಿಷಯ.

ಕಾವೇರಿಗೆ ಬಂದ ಹೊಸ ನೆಂಟ

ಕಾವೇರಿಯಲ್ಲಿ ಮಹಶೀರ್ ಕಡಿಮೆಯಾಗಿದೆ, ಲೋಣಾವಳದಲ್ಲಿ ಮಹಶೀರ್ ಮರಿ ಸಿಗುತ್ತದೆ. ಹಾಗಾದರೆ ತಂದು ಬಿಡೋಣ ಎಂದು ಯಾರಿಗಾದರೂ ತೋಚುವುದು ಸಹಜ. 1970ರ ದಶಕದಿಂದ ಆರಂಭಿಸಿ ಹವ್ಯಾಸಿ ಗಾಳಗಾರರ ಹಾಗೂ ವನ್ಯಜೀವಿ ಪ್ರೇಮಿಗಳ ಸಂಘಟನೆಗಳು ಮತ್ತು ಇಲಾಖೆಯವರು ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಅಂದು ಗೂನು ಬೆನ್ನಿನ ಮೀನಿಗೆ ಒಂದು ನಿಶ್ಚಿತವಾದ ಶಾಸ್ತ್ರೀಯ ಹೆಸರೇ ಇರಲಿಲ್ಲ. ಎಲ್ಲವೂ ಮಹಶೀರ್, ಎಲ್ಲವೂ ಒಂದೇ ಎಂಬ ಭಾವನೆ. ಇದರಲ್ಲಿ ಯಾರದೂ ದುರುದ್ದೇಶವಿರಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕಾಗುತ್ತದೆ.

ಬಂದ ನೆಂಟ ಚೆನ್ನಾಗಿಯೇ ಬೇರೂರಿದ. ಗಾಳಕ್ಕೆ ಮೀನು ಹೆಚ್ಚು ಹೆಚ್ಚು ಸಿಗತೊಡಗಿತು. ಶಿಬಿರಗಳಲ್ಲಿ ಸಂತೋಷ. ಯೋಜನೆ ಯಶಸ್ವಿಯಾಯಿತು ಎಂದು ಎಲ್ಲರೂ ತಿಳಿದರು.

ನಿಜಸ್ಥಿತಿ ಹೊರಬಂದದ್ದು ಒಂದು ಸಾಮಾನ್ಯ ಲೆಕ್ಕದ ಪುಸ್ತಕದಿಂದ. ಗಾಳಿಬೋರೆ ಶಿಬಿರದಲ್ಲಿ ಹಿಡಿದ ಮೀನುಗಳನ್ನೂ ಅವುಗಳ ತೂಕವನ್ನೂ ಬರೆದಿಡುವ ಪದ್ಧತಿಯಿತ್ತು. ಬ್ರಿಟನ್ನಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಸಂಗಡಿಗರು 1998ರಿಂದ 2012ರವರೆಗಿನ ಆ ದಾಖಲೆಗಳನ್ನು ಕೂಲಂಕಷವಾಗಿ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಆ ಅವಧಿಯಲ್ಲಿ ಅಲ್ಲಿ ಹಿಡಿದು ಬಿಟ್ಟ ಮಹಶೀರ್‌ಗಳು 6 ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ನೀಲಿ ರೆಕ್ಕೆಯವು. ಅವುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗಿತ್ತು. ಗೂನು ಬೆನ್ನಿನದ್ದು ಇಳಿಯುತ್ತಾ ಬಂದಿತ್ತು.

ಇನ್ನೂ ಆತಂಕದ ಅಂಶ ಮತ್ತೊಂದು. ಸಿಕ್ಕಿದ ಗೂನು ಬೆನ್ನಿನ ಮೀನುಗಳ ತೂಕ ಹೆಚ್ಚುತ್ತಾ ಹೋಗಿತ್ತು. ಮೇಲ್ನೋಟಕ್ಕೆ ಇದು ಒಳ್ಳೆಯ ಸುದ್ದಿ ಎನಿಸಬಹುದು. ಆದರೆ ಅದರ ಅರ್ಥವೇ ಬೇರೆ. ದೊಡ್ಡ ಮೀನುಗಳು ಮಾತ್ರ ಉಳಿದಿವೆ, ಮರಿಗಳು ಇಲ್ಲ. ಊರಿನ ಎಷ್ಟೋ ಮನೆಗಳಲ್ಲಿ ಇಂದು ಅಜ್ಜ ಅಜ್ಜಿ ಇಬ್ಬರೇ ಇದ್ದಾರೆ, ಮಕ್ಕಳ ದನಿ ಕೇಳುವುದಿಲ್ಲ. ಮನೆ ಗಟ್ಟಿಯಾಗಿಯೇ ನಿಂತಿದೆ, ಅಂಗಳ ಗುಡಿಸಿದೆ, ದೀಪವೂ ಉರಿಯುತ್ತದೆ. ಆದರೆ ಆ ಇಬ್ಬರ ನಂತರ ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಕಾವೇರಿಯಲ್ಲಿ ಗೂನು ಬೆನ್ನಿನ ಮೀನಿನ ಮನೆಯೂ ಹಾಗಾಗಿತ್ತು. ಹೊಸ ಮೀನಿನಿಂದ ನದಿ ತುಂಬಿ ಕಾಣುತ್ತಿದ್ದುದರಿಂದ ಹಳೆಯದು ಖಾಲಿಯಾಗುತ್ತಿರುವುದು ಯಾರ ಗಮನಕ್ಕೂ ಬಂದಿರಲಿಲ್ಲ. ಒಬ್ಬರ ಖಾತೆಗೆ ಜಮೆಯಾಗಬೇಕಾದ ಹಣ ಇನ್ನೊಬ್ಬರ ಖಾತೆಗೆ ಹೋದರೂ ಬ್ಯಾಂಕಿನ ದಿನದ ಒಟ್ಟು ಲೆಕ್ಕ ಸರಿಯಾಗಿಯೇ ಬರುತ್ತದೆ. ಪಾಸ್‌ಬುಕ್ ತೆರೆದು ನೋಡಿದಾಗಲೇ ಯಾರಿಗೆ ನಷ್ಟವಾಗಿದೆ ಎಂಬುದು ತಿಳಿಯುತ್ತದೆ.

ಹೆಸರು ಸಿಕ್ಕ ವರ್ಷವೇ ಅಪಾಯದ ಪಟ್ಟಿಗೆ

ಗೂನು ಬೆನ್ನಿನ ಮಹಶೀರ್ ಯಾವುದೆಂಬ ಗೊಂದಲ ಬಗೆಹರಿದದ್ದು 2018ರಲ್ಲಿ. ಕೇರಳದ ಚಿನ್ನಾರ್ ಅಭಯಾರಣ್ಯದಲ್ಲಿ ಹರಿಯುವ, ಕಾವೇರಿಯನ್ನು ಸೇರುವ ಪಾಂಬಾರ್ ಎಂಬ ಸಣ್ಣ ನದಿಯಲ್ಲಿ ಸಿಕ್ಕಿದ ಒಂದು ಮಹಶೀರ್‌ಗೆ ಈ ಹಿಂದೆ ವಿಜ್ಞಾನಿಗಳು 'ಟೋರ್ ರೆಮಾದೇವಿಯೈ' ಎಂದು ಹೆಸರಿಟ್ಟಿದ್ದರು. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮತ್ಸ್ಯತಜ್ಞೆ ಡಾ. ಕೆ. ರೆಮಾದೇವಿಯವರ ಗೌರವಾರ್ಥ ಇಟ್ಟ ಹೆಸರದು. ಕಾವೇರಿಯ ದೈತ್ಯ ಮೀನೂ ಅದೇ ಎಂದು ವಂಶವಾಹಿ ಪರೀಕ್ಷೆ ಮತ್ತು ಮೈಕಟ್ಟಿನ ಹೋಲಿಕೆಯಿಂದ ಸಾಬೀತಾಯಿತು. ಸುಮಾರು ಒಂದೂವರೆ ಶತಮಾನದಿಂದ ಜಗತ್ಪ್ರಸಿದ್ಧವಾಗಿದ್ದ ಮೀನಿಗೆ ಕೊನೆಗೂ ಖಚಿತವಾದ ಹೆಸರು ದೊರೆಯಿತು. ಅದೇ ವರ್ಷ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದು 'ತೀವ್ರ ಅಪಾಯದಲ್ಲಿರುವ' ಜೀವಿಗಳ ಸಾಲಿಗೆ ಸೇರಿತು. ಅದಕ್ಕಿಂತ ಮುಂದಿನ ಮೆಟ್ಟಿಲು ಅಳಿವು.

ಇನ್ನೊಂದೆಡೆ ಲೋಣಾವಳದ ನೀಲಿ ರೆಕ್ಕೆಯ ಮಹಶೀರ್ ಅದೇ ಕೆಂಪು ಪಟ್ಟಿಯಲ್ಲಿ ಅಪಾಯದ ವರ್ಗದಿಂದ ಹೊರಬಂದು ಸುರಕ್ಷಿತ ವರ್ಗಕ್ಕೆ ಸೇರಿತು. ಟಾಟಾ ಪವರ್ 2020ರಲ್ಲಿ ಇದನ್ನು ತನ್ನ ದೀರ್ಘಕಾಲದ ಶ್ರಮದ ಫಲವೆಂದು ಹೇಳಿಕೊಂಡಿತು. ಒಂದು ಬಂಧು ಉಳಿದ, ಇನ್ನೊಬ್ಬ ಬಂಧು ಕೊನೆಯುಸಿರೆಳೆಯುವ ಸ್ಥಿತಿ.

ಹಾಗೆಂದು ಎಲ್ಲ ತಪ್ಪನ್ನೂ ಮರಿ ಬಿಟ್ಟವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಾವೇರಿ ಮತ್ತು ಉಪನದಿಗಳ ಮೇಲೆ ಕೃಷ್ಣರಾಜಸಾಗರ, ಕಬಿನಿ, ಹಾರಂಗಿ, ಮೆಟ್ಟೂರು ಅಣೆಕಟ್ಟುಗಳಿವೆ. ಅವು ಮೀನಿನ ದಾರಿ ಕಡಿದಿವೆ, ನೀರಿನ ಹರಿವನ್ನು ಬದಲಿಸಿವೆ. ಮರಳುಗಾರಿಕೆಯಿಂದ ಮೊಟ್ಟೆ ಇಡುವ ತಾಣಗಳು ಹಾಳಾಗಿವೆ. ತೋಟೆಯ ಹಾವಳಿ ಪೂರ್ತಿ ನಿಂತಿಲ್ಲ. ಇವೆಲ್ಲದರಿಂದ ಮೊದಲೇ ಬಳಲಿದ್ದ ಮೀನಿಗೆ ತನ್ನದೇ ಮನೆಯಲ್ಲಿ ಆಹಾರಕ್ಕೂ ಜಾಗಕ್ಕೂ ಪೈಪೋಟಿ ಎದುರಾಯಿತು ಎಂಬುದು ಸಂಶೋಧಕರ ಅಭಿಪ್ರಾಯ.

ಗಾಳದ ಶಿಬಿರಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹಿಂದೆ ತೋಟೆ ಹಾಕಿ ಮೀನು ಹಿಡಿಯುತ್ತಿದ್ದ ಸ್ಥಳೀಯರಿಗೇ ಅಲ್ಲಿ ಮಾರ್ಗದರ್ಶಕರ, ಕಾವಲುಗಾರರ ಕೆಲಸ ಸಿಕ್ಕಿತ್ತು. ಜೀವಂತ ಮೀನಿನಿಂದ ಸಂಬಳ ಬರುವಾಗ ಸತ್ತ ಮೀನಿನ ಆಸೆ ಯಾರಿಗೆ? ವನ್ಯಜೀವಿ ಕಾಯಿದೆಯ ಪ್ರಕಾರ ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ನಿಲುವಿನಿಂದಾಗಿ 2010ರ ನಂತರದ ವರ್ಷಗಳಲ್ಲಿ ಕಾವೇರಿ ಅಭಯಾರಣ್ಯದ ಶಿಬಿರಗಳಲ್ಲಿ ಗಾಳ ನಿಂತಿತು. ಗಾಳ ನಿಂತ ಮೇಲೆ ನದಿಯ ಮೇಲಿನ ಕಾವಲು ಸಡಿಲವಾಗಿ ಅಕ್ರಮ ಮೀನುಗಾರಿಕೆಗೆ ಎಡೆಯಾಯಿತು ಎಂದು ಸಂಶೋಧಕರು ಎಚ್ಚರಿಸಿದ್ದಾರೆ. ಮೀನಿನ ಲೆಕ್ಕ ಬರೆಯುವ ಪುಸ್ತಕವೂ ಅಲ್ಲಿಗೆ ಮುಚ್ಚಿತು.

ಗೂನು ಬೆನ್ನಿನ ಮೀನು ಅಲ್ಲಲ್ಲಿ ಉಳಿದಿದೆ. ನೀಲಗಿರಿಯ ಬುಡದಲ್ಲಿ ಹರಿಯುವ ಮೋಯಾರ್ ನದಿ ಅದರ ಮುಖ್ಯ ಆಸರೆಯೆಂದು ಗುರುತಿಸಲಾಗಿದೆ.

ಕಡಲಿಗೂ ಇದೇ ಪಾಠ

ಮುಂಬಯಿಯ ತುಳು-ಕನ್ನಡಿಗರಲ್ಲಿ ಕಡಲ ಮಕ್ಕಳ ಸಂಖ್ಯೆ ದೊಡ್ಡದು. 1902ರಲ್ಲೇ ಇಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಸ್ಥಾಪನೆಯಾಗಿತ್ತು ಎಂದರೆ ಕಡಲಿಗೂ ಈ ನಗರಕ್ಕೂ ಇರುವ ನಂಟು ತಿಳಿಯುತ್ತದೆ. ಹೊಳೆಯ ಮೀನಿನ ಕಥೆ ಅವರಿಗೇಕೆ ಎಂದು ಕೇಳಬಹುದು. ಕಡಲಿಗೂ ಮೀನುಮರಿ, ಸೀಗಡಿ ಮರಿಗಳನ್ನು ಸಾಕಿ ಬಿಡುವ ಕೆಲಸ ಈಗ ನಡೆಯುತ್ತಿದೆ.

ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ತಮಿಳುನಾಡಿನ ಮಂಡಪಂನಲ್ಲಿ 2010ರಲ್ಲಿ ಕೋಬಿಯಾ ಮೀನನ್ನೂ 2011ರಲ್ಲಿ ಪಾಂಪನೋ ಮೀನನ್ನೂ ಮರಿ ಮಾಡಿಸುವಲ್ಲಿ ಯಶಸ್ವಿಯಾಯಿತು. ಇವು ಮುಖ್ಯವಾಗಿ ಪಂಜರದಲ್ಲಿ ಸಾಕುವುದಕ್ಕೆ. ಅದೇ ಮಂಡಪಂನಿಂದ ಪಾಕ್ ಕೊಲ್ಲಿಗೆ ಹಸಿರು ಹುಲಿ ಸೀಗಡಿಯ ಮರಿಗಳನ್ನು ದೊಡ್ಡ ಪ್ರಮಾಣದಲ್ಲಿ ಬಿಡಲಾಗಿದೆ. ಅಲ್ಲಿಯ ಕಡಲಿನಿಂದಲೇ ತಾಯಿ ಸೀಗಡಿಗಳನ್ನು ತಂದು, ಮರಿ ಮಾಡಿಸಿ, ಅದೇ ಕಡಲಿಗೆ ಬಿಡುವ ಕ್ರಮ ಅದು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಡಿ ನದಿಗಳಿಗೂ ಮರಿ ಬಿಡಲಾಗುತ್ತಿದೆ.

ಹೊರದೇಶಗಳ ಅನುಭವ ಹೇಳುವುದೇನು? ನಾರ್ವೆಯಲ್ಲಿ 1880ರ ದಶಕದಿಂದ 1971ರವರೆಗೆ ಕಾಡ್ ಮೀನಿನ ಆಗಷ್ಟೇ ಹುಟ್ಟಿದ ಮರಿಗಳನ್ನು ಕಡಲಿಗೆ ಬಿಟ್ಟರು. ಅದರಿಂದ ಮೀನು ಹೆಚ್ಚಿತೆಂಬುದನ್ನು ಸಾಬೀತುಪಡಿಸಲಾಗದೆ ಕೊನೆಗೆ ನಿಲ್ಲಿಸಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹವ್ಯಾಸಿ ಗಾಳಗಾರರೇ ಪರವಾನಗಿಯ ಜೊತೆ ಹೆಚ್ಚುವರಿ ಶುಲ್ಕ ಕೊಟ್ಟು ಬಿಳಿ ಸೀಬಾಸ್ ಎಂಬ ಮೀನಿನ ಮರಿ ಬಿಡಿಸುವ ಯೋಜನೆಗೆ ನೆರವಾದರು. ಪ್ರತಿ ಮರಿಯ ಕೆನ್ನೆಯಲ್ಲಿ ಕೂದಲಿನಷ್ಟು ಸಣ್ಣ ಲೋಹದ ತುಣುಕನ್ನು ಗುರುತಿಗಾಗಿ ಇಟ್ಟು ಬಿಡುತ್ತಿದ್ದರು. ದೊಡ್ಡದಾದ ಮೇಲೆ ಸಿಕ್ಕಿದ ಮೀನಿನ ತಲೆಯನ್ನು ಗಾಳಗಾರರು ತಂದೊಪ್ಪಿಸಬೇಕು. 20 ಲಕ್ಷಕ್ಕೂ ಹೆಚ್ಚು ಮರಿ ಬಿಟ್ಟ ಬಳಿಕ 2017ರಲ್ಲಿ ಪರಿಶೀಲಿಸಿದಾಗ, ಹಿಡಿದ ಮೀನುಗಳಲ್ಲಿ ಬಿಟ್ಟ ಮರಿಗಳ ಪಾಲು ಶೇ. 1ಕ್ಕಿಂತಲೂ ಕಡಿಮೆ ಎಂದು ತಿಳಿದುಬಂತು. ಫಲ ಸಿಗದಿದ್ದರೂ ಗುರುತು ಇಟ್ಟು ಬಿಟ್ಟುದರಿಂದ ಸತ್ಯವಾದರೂ ಗೊತ್ತಾಯಿತು. ಟೆಕ್ಸಾಸ್‌ನಲ್ಲಿ ರೆಡ್ ಡ್ರಮ್ ಎಂಬ ಮೀನು ಚೇತರಿಸಿಕೊಂಡದ್ದು ನಿಜ. ಆದರೆ ಅಲ್ಲಿ ಮರಿ ಬಿಡುವುದರ ಜೊತೆಗೆ ಅದರ ಮಾರಾಟ ಮತ್ತು ಬಲೆಗಳ ಮೇಲೆ 1980ರ ದಶಕದಲ್ಲಿ ಕಠಿಣ ನಿರ್ಬಂಧವನ್ನೂ ಹೇರಿದ್ದರು.

ಹಿಡಿಯುವ ಕೈಗೆ ಕಡಿವಾಣವಿಲ್ಲದೆ ಬಿಡುವ ಕೈಯೊಂದರಿಂದಲೇ ಕಡಲು ತುಂಬದು. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ ಇರುವುದು ಇದೇ ಕಾರಣಕ್ಕೆ. ನೂಲ ಹುಣ್ಣಿಮೆಯಂದು ಕಡಲಿಗೆ ಹಾಲೆರೆದು, ಇಲ್ಲಿನ ಕೋಳಿ ಬಾಂಧವರು ನಾರಳಿ ಪೂರ್ಣಿಮೆಯಂದು ತೆಂಗಿನಕಾಯಿ ಅರ್ಪಿಸಿ, ಆ ಮೇಲೆ ದೋಣಿ ಇಳಿಸುವ ಸಂಪ್ರದಾಯದಲ್ಲೂ ಇದೇ ವಿವೇಕವಿದೆ. ಮೀನು ಮರಿ ಮಾಡುವ ಕಾಲಕ್ಕೆ ಕಡಲನ್ನು ಅದರ ಪಾಡಿಗೆ ಬಿಡಬೇಕು.

ಪವಾಯಿಯಿಂದ ಊರಿನ ಕೆರೆಯವರೆಗೆ

ಮುಂಬಯಿಯೊಳಗೇ ಇದರ ಚಿಕ್ಕ ಉದಾಹರಣೆ ಪವಾಯಿ ಕೆರೆ. 1891ರಲ್ಲಿ ಕುಡಿಯುವ ನೀರಿಗೆಂದು ಕಟ್ಟಿದ ಈ ಕೆರೆ ಆ ಉದ್ದೇಶಕ್ಕೆ ಒದಗಲಿಲ್ಲ. ಆದರೆ ಗಾಳ ಹಾಕುವವರಿಗೆ ನೆಚ್ಚಿನ ತಾಣವಾಯಿತು. ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್‌ನ ನೆಲೆ ಇದೇ ದಡದಲ್ಲಿದ್ದು, ಗಾಳಗಾರರಿಗಾಗಿ ರೋಹು, ಕಾಟ್ಲಾ, ಮೃಗಾಲ್ ಮರಿಗಳನ್ನು ಕೆರೆಗೆ ಬಿಡುತ್ತಾ ಬರಲಾಗಿದೆ. ಇವು ಮೂಲತಃ ಗಂಗಾ ನದಿಯ ಕಡೆಯ ಮೀನುಗಳು. ಮನುಷ್ಯರೇ ಕಟ್ಟಿದ ಕೆರೆಯಲ್ಲಿ, ಮಳೆಗಾಲದ ಕೋಡಿಯ ಮೇಲೆ ನಿಗಾ ಇಟ್ಟು ಹೊರಗಿನ ಮೀನು ಸಾಕುವುದು ಒಂದು ಬಗೆ. ತನ್ನದೇ ಮೀನಿರುವ, ಹರಿಯುವ ಹೊಳೆಗೆ ತಂದು ಬಿಡುವುದು ಇನ್ನೊಂದು ಬಗೆ. ಕೆರೆಯಲ್ಲಿ ತಪ್ಪಾದರೆ ತಿದ್ದಿಕೊಳ್ಳಲು ಅವಕಾಶವಿದೆ. ಹೊಳೆಗೆ ಬಿಟ್ಟದ್ದನ್ನು ಮತ್ತೆ ಹೆಕ್ಕಿ ತರಲು ಸಾಧ್ಯವಿಲ್ಲ.

ಮುಂಬಯಿಯ ಅನೇಕ ಸಂಘಟನೆಗಳು ಇಂದು ಊರಿನ ಶಾಲೆ, ದೈವಸ್ಥಾನಗಳ ಜೀರ್ಣೋದ್ಧಾರಕ್ಕೆ ನೆರವಾಗುವಂತೆಯೇ ಕೆರೆಗಳ ಹೂಳೆತ್ತುವ, ಗಿಡ ನೆಡುವ ಕಾರ್ಯಗಳಿಗೂ ಮುಂದಾಗುತ್ತಿವೆ. ಅದೇ ಉತ್ಸಾಹದಲ್ಲಿ ಮೀನುಮರಿ ಬಿಡುವ ಕಾರ್ಯಕ್ರಮವನ್ನು ಯಾರಾದರೂ ಸೂಚಿಸಿದರೆ, ವೇದಿಕೆ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಈ ಮೀನು ಈ ಹೊಳೆಯದೇ? ತಾಯಿ ಮೀನನ್ನು ಎಲ್ಲಿಂದ ತಂದದ್ದು? ಮೊದಲಿದ್ದ ಮೀನು ಕಡಿಮೆಯಾಗಲು ಕಾರಣವೇನು, ಆ ಕಾರಣ ನಿವಾರಣೆಯಾಗಿದೆಯೇ? ಬಿಟ್ಟ ಮರಿಗಳು ಏನಾದವು ಎಂದು ಮುಂದಿನ ವರ್ಷ ನೋಡುವವರು, ಬರೆದಿಡುವವರು ಯಾರು? ಇವುಗಳಿಗೆ ಮೀನುಗಾರಿಕಾ ಇಲಾಖೆಯಿಂದ ಅಥವಾ ತಿಳಿದ ತಜ್ಞರಿಂದ ತೃಪ್ತಿಕರ ಉತ್ತರ ಸಿಗದಿದ್ದರೆ ಮರಿ ಬಿಡದಿರುವುದೇ ಮೇಲು. ಮನೆಯ ಗಾಜಿನ ತೊಟ್ಟಿಯ ಬಣ್ಣದ ಮೀನು ಬೇಡವಾದಾಗ 'ಪುಣ್ಯ ಬರಲಿ' ಎಂದು ಕೆರೆಗೆ ಬಿಡುವ ಅಭ್ಯಾಸಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಮರಿ ಬಿಡದೆಯೂ ಮಾಡಬಹುದಾದ ಕೆಲಸ ಬಹಳಷ್ಟಿದೆ. ಹೊಳೆಗೆ ತೋಟೆ, ವಿಷ ಬೀಳದಂತೆ ಊರವರ ಕಾವಲು ಸಮಿತಿಗೆ ಬೆಂಬಲ ಕೊಡಬಹುದು. ದೇವರ ಮೀನುಗಳ ಗುಂಡಿಗಳಿಗೆ ಹೂಳು, ಕಸ ಸೇರದಂತೆ ನೋಡಿಕೊಳ್ಳಬಹುದು. ಮರಳು ತೆಗೆಯುವವರು ಮೊಟ್ಟೆ ಇಡುವ ಜಾಗ ಬಿಟ್ಟುಕೊಡುವಂತೆ ಪಂಚಾಯತಿನಲ್ಲಿ ದನಿಯೆತ್ತಬಹುದು. ಇವುಗಳಿಗೆ ಹಾರ, ತುರಾಯಿ, ಫೋಟೋ ಸಿಗದಿರಬಹುದು. ಆದರೆ ಹೊಳೆಯ ಮೀನು ಹೊಳೆಯಲ್ಲೇ ಮರಿ ಹಾಕುವುದು ಇಂತಹ ಕೆಲಸಗಳಿಂದಲೇ.

ಲೋಣಾವಳದ ತಂತ್ರಜ್ಞಾನ ಇಂದಿಗೂ ಬೆಲೆಯುಳ್ಳದ್ದು. ತಾಯಿ ಮೀನಿಗೆ ಅಪಾಯವಾಗದಂತೆ ಮೊಟ್ಟೆ ತೆಗೆದು ಮರಿ ಮಾಡುವ ಆ ವಿದ್ಯೆ, ಗೂನು ಬೆನ್ನಿನ ಮೀನಿನ ಪರಿಶುದ್ಧ ತಳಿಯನ್ನು ಕಾವೇರಿಯಲ್ಲೇ ಬೆಳೆಸುವುದಕ್ಕೂ ಮುಂದೊಂದು ದಿನ ಒದಗಬಹುದು. ಅದಕ್ಕೆ ಮೊದಲು ಉಳಿದಿರುವ ತಾಯಿ ಮೀನುಗಳು ಬದುಕಿರಬೇಕು, ಅವುಗಳಿಗೆ ನದಿಯಲ್ಲಿ ನೀರು ಹರಿಯುತ್ತಿರಬೇಕು. ಈ ಸಲ ಮಳೆಗಾಲದಲ್ಲಿ ವಲವಣದ ಉದ್ಯಾನಕ್ಕೆ ಹೋಗುವ ಸಂಘದ ಬಂಧುಗಳು ಮಕ್ಕಳಿಗೆ ಕೆರೆಯ ನೀರನ್ನು ತೋರಿಸುವಾಗ, ಅದರೊಳಗಿನ ನೀಲಿ ರೆಕ್ಕೆಯ ಮೀನಿನ ಕಥೆಯನ್ನೂ, ಕಾವೇರಿಯಲ್ಲಿರುವ ಅದರ ಗೂನು ಬೆನ್ನಿನ ದಾಯಾದಿಯ ಕಥೆಯನ್ನೂ ಜೊತೆಯಲ್ಲೇ ಹೇಳುವುದು ಒಳ್ಳೆಯದು.